ಕೋಣ, ಮಗಳು, ಪೆಟ್ರೋಲು: ಶಾಸಕರ ಕೈಯಲ್ಲಿ ಏನಿದೆ, ಏನಿಲ್ಲ

2024ರ ಜೂನ್ 15ರಂದು ಕರ್ನಾಟಕದಲ್ಲಿ ಪೆಟ್ರೋಲ್ ಬೆಲೆ ಲೀಟರಿಗೆ 3 ರೂಪಾಯಿ ಏರಿತು. ಡೀಸೆಲ್ ಕೂಡ ಹೆಚ್ಚುಕಮ್ಮಿ ಅಷ್ಟೇ. ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತ್ತು. ಆ ದಿನ ವಿಧಾನಸಭೆ ಸೇರಿರಲಿಲ್ಲ. 224 ಶಾಸಕರಲ್ಲಿ ಒಬ್ಬರೂ ಕೈ ಎತ್ತಬೇಕಾಗಿ ಬರಲಿಲ್ಲ. ಒಂದು ಅಧಿಸೂಚನೆ ಹೊರಬಿತ್ತು, ಬಂಕ್‌ಗಳಲ್ಲಿ ದರ ಬದಲಾಯಿತು, ಅಷ್ಟೇ.

ಮರುವರ್ಷ ಇನ್ನೊಂದು ತೆರಿಗೆ ಬದಲಾಯಿತು. ವೃತ್ತಿ ತೆರಿಗೆ. ಸಂಬಳದ ಚೀಟಿಯಲ್ಲಿ ತಿಂಗಳಿಗೆ 200 ರೂಪಾಯಿ ಕಳೆಯುತ್ತಾರಲ್ಲ, ಅದು. ಫೆಬ್ರವರಿ ಒಂದು ತಿಂಗಳು ಮಾತ್ರ 300 ಎಂದು ಮಾಡಿದರು. ಅಂದರೆ ವರ್ಷಕ್ಕೆ 100 ರೂಪಾಯಿ ಜಾಸ್ತಿ. ಈ 100 ರೂಪಾಯಿಗಾಗಿ ಮಸೂದೆ ಬರೆದರು. ಅದು ವಿಧಾನಸಭೆ ದಾಟಿತು, ವಿಧಾನ ಪರಿಷತ್ತು ದಾಟಿತು, ರಾಜ್ಯಪಾಲರ ಅಂಕಿತ ಪಡೆಯಿತು.

ತಿಂಗಳಿಗೆ 20 ಲೀಟರ್ ಪೆಟ್ರೋಲ್ ಹಾಕಿಸುವವರಿಗೆ ಆ 3 ರೂಪಾಯಿ ಏರಿಕೆ ವರ್ಷಕ್ಕೆ 720 ರೂಪಾಯಿ ಆಗುತ್ತದೆ. 720ಕ್ಕೆ ಸದನ ಬೇಡ, 100ಕ್ಕೆ ಬೇಕು. ಇದೇನು ಲೆಕ್ಕ?

ಈ ಲೆಕ್ಕ ಬಿಡಿಸಿದರೆ ಶಾಸಕರ ಕೆಲಸ ಏನು ಅನ್ನುವುದೂ ಒಂದಿಷ್ಟು ತಿಳಿಯುತ್ತದೆ. ನಮಗೆ ಶಾಸಕರು ಅಂದರೆ ಬೆಳಿಗ್ಗೆ ಎಂಟಕ್ಕೆ ಅವರ ಮನೆ ಮುಂದೆ ಸೇರುವ ಜನ. ಒಬ್ಬರ ಕೈಯಲ್ಲಿ ಮದುವೆ ಕಾರ್ಡು, ಇನ್ನೊಬ್ಬರ ಕೈಯಲ್ಲಿ ವರ್ಗಾವಣೆ ಅರ್ಜಿ, ಮತ್ತೊಬ್ಬರಿಗೆ ಬೋರ್‌ವೆಲ್. ಶಾಸಕ ಅನ್ನುವ ಪದದಲ್ಲೇ ಶಾಸನ ಇದೆ. ಆದರೆ ನೀವು ಯಾವ ಶಾಸನಕ್ಕೆ ಕೈ ಎತ್ತಿದಿರಿ ಎಂದು ಆ ಗುಂಪಿನಲ್ಲಿ ಯಾರೂ ಕೇಳುವುದಿಲ್ಲ. ನಾವು ಕೇಳಿಲ್ಲ, ಅವರು ಹೇಳಿಲ್ಲ. ಪ್ರಾಣಿ ಹಿಂಸೆ, ಕುಟುಂಬ, ತೆರಿಗೆ ಈ ಮೂರು ವಿಷಯ ಹಿಡಿದು ನೋಡೋಣ. ಮೂರರಲ್ಲೂ ಶಾಸಕರ ಅಧಿಕಾರ ಬೇರೆ ಬೇರೆ ತರಹ.

ಪಾಲಿನ ಬಾವಿ

ಸಂವಿಧಾನದ 7ನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಕೇಂದ್ರ ಪಟ್ಟಿಯಲ್ಲಿರುವ ವಿಷಯಗಳಿಗೆ ಸಂಸತ್ತು ಮಾತ್ರ ಕಾನೂನು ಮಾಡಬಹುದು. ರಾಜ್ಯ ಪಟ್ಟಿಯಲ್ಲಿರುವುದು ಸಾಮಾನ್ಯವಾಗಿ ನಮ್ಮ ವಿಧಾನಮಂಡಲದ್ದು. ಮೂರನೆಯದು ಸಮವರ್ತಿ ಪಟ್ಟಿ. ಅದು ಪಾಲಿನ ಬಾವಿ ಇದ್ದ ಹಾಗೆ. ಇಬ್ಬರೂ ನೀರು ಸೇದಬಹುದು. ಆದರೆ ಹಗ್ಗಕ್ಕೆ ಹಗ್ಗ ಸಿಕ್ಕಿಕೊಂಡರೆ ದೊಡ್ಡಮನೆಯವರ ಕೊಡವೇ ಮೊದಲು ಮೇಲೆ ಬರುತ್ತದೆ. ಸಂಸತ್ತಿನ ಕಾಯ್ದೆಗೂ ರಾಜ್ಯದ ಕಾಯ್ದೆಗೂ ಡಿಕ್ಕಿಯಾದರೆ ಸಂಸತ್ತಿನದೇ ಗೆಲ್ಲುತ್ತದೆ.

ಇದಕ್ಕೆ ಒಂದು ದಾರಿ ಇಟ್ಟಿದ್ದಾರೆ. 254ನೇ ವಿಧಿ. ರಾಜ್ಯದ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ಕಳಿಸಿ, ಅಲ್ಲಿ ಅಂಕಿತ ಸಿಕ್ಕಿದರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾಯ್ದೆಯೇ ನಡೆಯುತ್ತದೆ. ರಾಷ್ಟ್ರಪತಿ ಅಂದರೆ ವ್ಯವಹಾರದಲ್ಲಿ ಕೇಂದ್ರ ಸರ್ಕಾರದ ಸಲಹೆ. ಹಾಗಾಗಿ ಬೆಂಗಳೂರಿನಲ್ಲಿ ಕೈ ಎತ್ತಿದ ಮೇಲೂ ಫೈಲು ದೆಹಲಿಗೆ ಹೋಗಬೇಕು, ಅಲ್ಲಿ ಕಾಯಬೇಕು.

ಪ್ರಾಣಿ ಹಿಂಸೆ ತಡೆ ಈ ಪಾಲಿನ ಬಾವಿಯಲ್ಲಿದೆ, 17ನೇ ನಮೂದು. ಮದುವೆ, ವಿಚ್ಛೇದನ, ದತ್ತು, ಉಯಿಲು, ಅವಿಭಕ್ತ ಕುಟುಂಬ, ಪಾಲು ಎಲ್ಲವೂ ಅಲ್ಲೇ, 5ನೇ ನಮೂದು. ತೆರಿಗೆ ಮಾತ್ರ ಪಾಲಿನ ಬಾವಿಯಲ್ಲಿಲ್ಲ. ಯಾವ ತೆರಿಗೆ ಯಾರದು ಎಂದು ಮೊದಲೇ ಗೆರೆ ಎಳೆದು ಹಂಚಿದ್ದರು. 2017ರಲ್ಲಿ ಜಿಎಸ್‌ಟಿ ಬಂದು ಆ ಗೆರೆಯನ್ನು ಅರ್ಧ ಅಳಿಸಿತು.

ಹಾಗಾದರೆ ಶಾಸಕರಿಗೆ ಹೆಚ್ಚು ಬಲ ಇರಬೇಕಾದದ್ದು ಸ್ವಂತ ಪಟ್ಟಿಯ ತೆರಿಗೆಯಲ್ಲಿ, ಕಡಿಮೆ ಇರಬೇಕಾದದ್ದು ಪಾಲಿನ ವಿಷಯಗಳಲ್ಲಿ, ಅಲ್ವಾ? ಕರ್ನಾಟಕದಲ್ಲಿ ನಡೆದದ್ದು ಬಹುಮಟ್ಟಿಗೆ ಉಲ್ಟಾ.

ಕೋಣಗಳು ದೆಹಲಿಗೆ ಹೋಗಿ ಬಂದದ್ದು

2014ರ ಮೇ 7ರಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಜಲ್ಲಿಕಟ್ಟು ಮತ್ತು ಮಹಾರಾಷ್ಟ್ರದ ಎತ್ತಿನ ಗಾಡಿ ಓಟವನ್ನು ನಿಷೇಧಿಸಿತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಇವು ವಿರುದ್ಧ ಎಂಬುದು ಕಾರಣ. ಆ ತೀರ್ಪಿನ ನೆರಳು ಕರಾವಳಿಯ ಕಂಬಳದ ಮೇಲೂ ಬಿತ್ತು. 2016ರ ನವೆಂಬರಿನಲ್ಲಿ, ಇನ್ನೇನು ಕಂಬಳದ ಋತು ಶುರು ಅನ್ನುವಾಗ, ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು.

ಕರಾವಳಿಯಲ್ಲಿ ಕಂಬಳ ಅಂದರೆ ಏನು ಎಂದು ಬಯಲುಸೀಮೆಯವರಿಗೆ ಒಂದು ಮಾತು ಹೇಳಬೇಕು. ಕೊಯ್ಲು ಮುಗಿದ ಕೆಸರು ಗದ್ದೆ, ನೀರು ತುಂಬಿದ ಕರೆ (ಕೋಣ ಓಡುವ ಹಾದಿ), ಜೋಡಿ ಕೋಣ, ಹಿಂದೆ ಓಡುವ ಒಬ್ಬ ಮನುಷ್ಯ. ಹಲಗೆ, ಹಗ್ಗ, ನೇಗಿಲು ಎಂದು ಬೇರೆ ಬೇರೆ ವಿಭಾಗಗಳಿವೆ. ಕೋಣ ಸಾಕುವ ಯಜಮಾನರಿಗೆ ಅದು ಪ್ರತಿಷ್ಠೆಯ ವಿಷಯ, ಹಲವು ಕಡೆ ದೈವ ದೇವರ ನಡೆಯೂ ಅದರೊಳಗೆ ಸೇರಿದೆ. ಜಗಳ ಇದ್ದದ್ದು ಬೆತ್ತದ ಬಗ್ಗೆ. ಓಡಿಸುವಾಗ ಹೊಡೆಯುತ್ತಾರೆ, ಕೋಣ ಓಟಕ್ಕೆ ಹುಟ್ಟಿದ ಪ್ರಾಣಿಯೇ ಅಲ್ಲ ಎಂಬುದು ಪ್ರಾಣಿ ದಯಾ ಸಂಘಟನೆಗಳ ವಾದ. ಮನೆಮಕ್ಕಳಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂಬುದು ಯಜಮಾನರ ವಾದ. ಎರಡರಲ್ಲೂ ಸತ್ಯ ಇದೆ. ಅದಕ್ಕೇ ಇದು ಕಷ್ಟದ ವಿಷಯ.

2017ರ ಜನವರಿಯಲ್ಲಿ ಚೆನ್ನೈನ ಮರೀನಾ ಕಡಲತೀರದಲ್ಲಿ ಜನ ಜಲ್ಲಿಕಟ್ಟಿಗಾಗಿ ಕೂತರು. ತಮಿಳುನಾಡು ಸುಗ್ರೀವಾಜ್ಞೆ ತಂದಿತು, ಅಂದರೆ ಸದನ ಸೇರದಿರುವಾಗ ಸರ್ಕಾರ ಹೊರಡಿಸುವ ತಾತ್ಕಾಲಿಕ ಕಾನೂನು. ಇಲ್ಲಿ ಕರಾವಳಿಯಲ್ಲೂ ಕಾವು ಏರಿತು. ಫೆಬ್ರವರಿಯಲ್ಲೇ ನಮ್ಮ ವಿಧಾನಮಂಡಲ ಒಂದು ತಿದ್ದುಪಡಿ ಮಸೂದೆ ಒಪ್ಪಿತು. ಕಂಬಳ ಮತ್ತು ಎತ್ತಿನ ಗಾಡಿ ಓಟ, ಅನಗತ್ಯ ನೋವು ಕೊಡದಿದ್ದರೆ, ಕಾಯ್ದೆಯ ಪ್ರಕಾರ ಹಿಂಸೆ ಅಲ್ಲ ಎಂಬುದು ಅದರ ತಿರುಳು. ಕರಾವಳಿಯಲ್ಲಿ ಪಟಾಕಿ ಹೊಡೆದರು.

ಆದರೆ ಪಾಲಿನ ಬಾವಿ ನೋಡಿ. 1960ರ ಕಾಯ್ದೆ ಸಂಸತ್ತಿನದು. ಮಸೂದೆ ರಾಷ್ಟ್ರಪತಿಗಳ ಹತ್ತಿರ ಹೋಯಿತು. ಅಲ್ಲಿಂದ ಪ್ರಶ್ನೆಗಳು ಬಂದವು. ತಿಂಗಳುಗಳು ಉರುಳಿದವು. ಜುಲೈನಲ್ಲಿ ರಾಜ್ಯ ಸುಗ್ರೀವಾಜ್ಞೆ ಹೊರಡಿಸಿತು. ಸಮವರ್ತಿ ವಿಷಯವಾದ್ದರಿಂದ ಅದಕ್ಕೂ ಮೊದಲು ದೆಹಲಿಯ ಒಪ್ಪಿಗೆ ಬೇಕು. ಸುಗ್ರೀವಾಜ್ಞೆಯ ಆಯಸ್ಸು ಕಡಿಮೆ. ಸದನ ಸೇರಿ ಆರು ವಾರದಲ್ಲಿ ಅದು ಸಾಯುತ್ತದೆ. ಹಾಗಾಗಿ ಎರಡನೇ ತಿದ್ದುಪಡಿ ಮಸೂದೆ ತಂದು ಮತ್ತೆ ಒಪ್ಪಿಸಿದರು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 2018ರ ಆರಂಭದಲ್ಲಿ. ಒಂದು ಓಟಕ್ಕೆ ಎರಡು ಮಸೂದೆ, ಒಂದು ಸುಗ್ರೀವಾಜ್ಞೆ, ಸುಮಾರು ಒಂದು ವರ್ಷ.

ಅಲ್ಲಿಗೂ ಮುಗಿಯಲಿಲ್ಲ. ಈ ತಿದ್ದುಪಡಿ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರೂ ರಾಜ್ಯಗಳ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ಮಾತು. ಒಂದು ಆಚರಣೆ ಆ ನಾಡಿನ ಸಂಸ್ಕೃತಿಯ ಭಾಗವೇ ಅಲ್ಲವೇ ಎಂಬುದನ್ನು ತೀರ್ಮಾನಿಸಬೇಕಾದದ್ದು ಶಾಸನಸಭೆ, ನ್ಯಾಯಾಲಯ ಅಲ್ಲ ಎಂದು ಕೋರ್ಟ್ ಹೇಳಿತು. ಚೆಂಡು ನೇರ ಶಾಸಕರ ಅಂಗಳಕ್ಕೆ ಬಂತು. ಆ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೆಯಿತು.

ಇದರಲ್ಲಿ ಮರೆತುಹೋದ ಒಂದು ಸಂಗತಿ ಇದೆ. ಅದೇ 1960ರ ಕಾಯ್ದೆಯ 11ನೇ ಕಲಮಿನಲ್ಲಿ ಪ್ರಾಣಿಗೆ ಹೊಡೆಯುವುದು, ಅತಿಭಾರ ಹೇರುವುದು, ಉಪವಾಸ ಕೆಡವುವುದು ಮುಂತಾದ ತಪ್ಪುಗಳಿಗೆ ದಂಡ ಬರೆದಿದೆ. ಮೊದಲ ಸಲಕ್ಕೆ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 1960ರಲ್ಲಿ 50 ರೂಪಾಯಿ ದೊಡ್ಡ ಮೊತ್ತವೇ. 2017ರಲ್ಲಿ ಒಂದು ಪ್ಲೇಟ್ ಮಸಾಲೆ ದೋಸೆಯ ಬೆಲೆ. ನಮ್ಮ ಶಾಸಕರು ಆಗ ಅದೇ ಕಾಯ್ದೆಯನ್ನು ಕೈಗೆ ತೆಗೆದುಕೊಂಡು ಕಂಬಳಕ್ಕೆ ಬೇಕಾದಷ್ಟು ಕಡೆ ತಿದ್ದಿದರು. ದೆಹಲಿಯ ಅಂಕಿತವನ್ನೂ ತಂದರು. ಫೈಲು ಹೇಗೂ ಅಲ್ಲಿಗೆ ಹೋಗುತ್ತಿತ್ತು. ಜೊತೆಗೆ ಒಂದು ಸಾಲು ಸೇರಿಸಿ ಈ 50ನ್ನು 5,000 ಮಾಡಬಹುದಿತ್ತು. ಯಾರೂ ಮಾಡಲಿಲ್ಲ. ಕಂಬಳಕ್ಕೆ ಕೇಳುವ ಜನ ಇದ್ದರು. ಗಾಡಿ ಎತ್ತಿನ ಪರವಾಗಿ ಶಾಸಕರ ಮನೆ ಮುಂದೆ ನಿಲ್ಲುವವರು ಇರಲಿಲ್ಲ.

ಪ್ರಾಣಿಯನ್ನು ಕೊಂದರೆ ಅಥವಾ ಅಂಗ ಊನ ಮಾಡಿದರೆ ಬೇರೆ ಕಾನೂನು ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಅದಕ್ಕೆ ಐದು ವರ್ಷದವರೆಗೆ ಶಿಕ್ಷೆ. ಅದಕ್ಕಿಂತ ಕೆಳಗಿನ ಹಿಂಸೆಗಳ ಮಾತು ನಾನು ಹೇಳಿದ್ದು.

ಗೋಹತ್ಯೆ ಕಾಯ್ದೆಯನ್ನೂ ಜನ ಪ್ರಾಣಿ ಹಿಂಸೆಯ ಲೆಕ್ಕಕ್ಕೇ ಸೇರಿಸುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅದು ಬೇರೆ ಮನೆ. ಜಾನುವಾರು ತಳಿ ಉಳಿಸುವುದು ರಾಜ್ಯ ಪಟ್ಟಿಯ 15ನೇ ನಮೂದು. ಆ ನಮೂದಿನ ಕೆಳಗೇ 1964ರ ಕಾಯ್ದೆ ಬಂತು. 2010ರಲ್ಲಿ ಬಿಗಿಯಾದ ಹೊಸ ಮಸೂದೆ ಎರಡೂ ಸದನದಲ್ಲಿ ಪಾಸಾಯಿತು, ರಾಜ್ಯಪಾಲರು ರಾಷ್ಟ್ರಪತಿಗಳಿಗೆ ಕಳಿಸಿದರು, ಅಂಕಿತ ಸಿಗಲಿಲ್ಲ, 2013ರಲ್ಲಿ ಬಂದ ಸರ್ಕಾರ ಹಿಂದಕ್ಕೆ ತೆಗೆದುಕೊಂಡಿತು. 2020ರ ಡಿಸೆಂಬರಿನಲ್ಲಿ ವಿಧಾನಸಭೆ ಮತ್ತೆ ಒಪ್ಪಿತು. ಪರಿಷತ್ತಿನಲ್ಲಿ ಸಿಕ್ಕಿಬಿತ್ತು. ಜನವರಿಯಲ್ಲಿ ಸುಗ್ರೀವಾಜ್ಞೆ, 2021ರ ಫೆಬ್ರವರಿಯಲ್ಲಿ ಪರಿಷತ್ತಿನಲ್ಲಿ ಗದ್ದಲದ ನಡುವೆ ಧ್ವನಿಮತ. ಧ್ವನಿಮತ ಅಂದರೆ ಯಾರು ಹೌದು ಅಂದರು, ಯಾರು ಇಲ್ಲ ಅಂದರು ಎಂಬ ಹೆಸರುಪಟ್ಟಿ ಉಳಿಯುವುದಿಲ್ಲ. ನಿಮ್ಮ ಶಾಸಕರು ಯಾವ ಕಡೆ ಇದ್ದರು ಎಂದು ತಿಳಿಯಬೇಕಾದರೆ ಅವರ ಪಕ್ಷ ನೋಡಿ ಊಹಿಸಬೇಕು.

ಇನ್ನೂ ಹಳೆಯ ಒಂದು ಕಾಯ್ದೆ ಇದೆ, 1959ರದು. ದೇವಸ್ಥಾನದಲ್ಲಿ, ಅದರ ಆವರಣದಲ್ಲಿ ಪ್ರಾಣಿ ಬಲಿ ಕೊಡುವುದಕ್ಕೆ ನಮ್ಮ ರಾಜ್ಯದ ನಿಷೇಧ. ತಮಾಷೆ ಏನೆಂದರೆ ಮರುವರ್ಷ ಬಂದ ಸಂಸತ್ತಿನ ಕಾಯ್ದೆಯ 28ನೇ ಕಲಮು, ಯಾವುದೇ ಸಮುದಾಯದ ಧರ್ಮಕ್ಕೆ ಬೇಕಾದ ರೀತಿಯಲ್ಲಿ ಪ್ರಾಣಿ ಕೊಂದರೆ ಅಪರಾಧವಲ್ಲ ಎನ್ನುತ್ತದೆ. ಜಾತ್ರೆಯ ದಿನ ಬಂದೋಬಸ್ತಿಗೆ ನಿಂತ ಪೊಲೀಸರು ಈ ಎರಡು ಪುಸ್ತಕಗಳ ನಡುವೆ ನಿಂತಿರುತ್ತಾರೆ.

ನಾಲ್ಕು ವರ್ಷ ಕಾದ ಹೆಣ್ಣುಮಕ್ಕಳು

ಕುಟುಂಬದ ಕಾನೂನಿನಲ್ಲಿ ಈ ನೆಲಕ್ಕೆ ಹಳೆಯ ಅಭ್ಯಾಸ ಇದೆ. 1894ರಲ್ಲೇ ಮೈಸೂರು ಸಂಸ್ಥಾನ ಶಿಶು ವಿವಾಹದ ವಿರುದ್ಧ ಕಾನೂನು ತಂದಿತು. 8 ವರ್ಷದೊಳಗಿನ ಹುಡುಗಿಯ ಮದುವೆ ಕೂಡದು, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗಕೂಡದು ಎಂಬುದು ಅದರಲ್ಲಿತ್ತು. ಇವತ್ತು ಓದಿದರೆ ಮೈ ಜುಮ್ಮೆನ್ನುತ್ತದೆ, 8 ವರ್ಷವೇ ಎಂದು. ಆದರೆ ಬ್ರಿಟಿಷ್ ಇಂಡಿಯಾದಲ್ಲಿ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂದದ್ದು ಅದಾಗಿ 35 ವರ್ಷಕ್ಕೆ, 1929ರಲ್ಲಿ. 1933ರಲ್ಲಿ ಮೈಸೂರು ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಮಾಡಿತು. ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಪಾಲು ಕೊಟ್ಟಿತು.

ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ ಸಂಸತ್ತು ಹಿಂದೂ ಉತ್ತರಾಧಿಕಾರ ಕಾಯ್ದೆ ಮಾಡಿತು. ಅದರಲ್ಲಿ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದ ಹಕ್ಕು ಮಗನಿಗೆ ಮಾತ್ರ. ಇದನ್ನು ಮೊದಲು ಮುರಿದದ್ದು ರಾಜ್ಯಗಳು. ಕೇರಳ 1975ರಲ್ಲಿ ಅವಿಭಕ್ತ ಕುಟುಂಬ ಎಂಬುದನ್ನೇ ತೆಗೆದುಹಾಕಿತು. ಆಂಧ್ರಪ್ರದೇಶ, ತಮಿಳುನಾಡು 80ರ ದಶಕದಲ್ಲಿ ಮಗಳನ್ನೂ ಹುಟ್ಟಿನಿಂದ ಹಕ್ಕುದಾರಳು ಎಂದು ಮಾಡಿದವು. ಕರ್ನಾಟಕದ ಕಾಯ್ದೆಯ ಹೆಸರು ಹಿಂದೂ ಉತ್ತರಾಧಿಕಾರ ಕರ್ನಾಟಕ ತಿದ್ದುಪಡಿ ಕಾಯ್ದೆ, 1990.

ಹೆಸರಿನಲ್ಲಿ 1990 ಇದೆ. ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ. ನಡುವಿನ ನಾಲ್ಕು ವರ್ಷ ಏನಾಯಿತು? ಉತ್ತರಾಧಿಕಾರ ಸಮವರ್ತಿ ಪಟ್ಟಿಯ ವಿಷಯ, ಸಂಸತ್ತಿನ ಕಾಯ್ದೆಗೆ ವಿರುದ್ಧ ಹೋಗುವ ಮಸೂದೆ. ಆದ್ದರಿಂದ ರಾಷ್ಟ್ರಪತಿಗಳ ಅಂಕಿತ ಬೇಕು. ಆ ಅಂಕಿತ ಸಿಕ್ಕಿದ್ದು 1994ರ ಜುಲೈ ಕೊನೆಯಲ್ಲಿ.

ತಡವಾದರೇನಂತೆ, ಬಂತಲ್ಲ ಎನ್ನಬೇಡಿ. ಆ ಕಾಯ್ದೆಯಲ್ಲಿ ಒಂದು ಷರತ್ತಿತ್ತು. ಕಾಯ್ದೆ ಜಾರಿಗೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಈ ಹಕ್ಕು ಇಲ್ಲ. ಅಂದರೆ 1990ರಿಂದ 94ರ ನಡುವೆ ಹಸೆಮಣೆ ಏರಿದವರೆಲ್ಲ ಹೊರಗೆ. ಒಂದೇ ಮನೆಯ ಅಕ್ಕನಿಗೆ 94ರ ಮೇ ತಿಂಗಳಲ್ಲಿ ಮದುವೆ, ತಂಗಿಗೆ ಮರುವರ್ಷ ಮದುವೆ ಎಂದುಕೊಳ್ಳಿ. ತಂಗಿಗೆ ಅಣ್ಣನಷ್ಟೇ ಹಕ್ಕು, ಅಕ್ಕನಿಗೆ ಅರಿಶಿನ ಕುಂಕುಮ. ಸದನದಲ್ಲಿ ಯಾವ ಶಾಸಕರೂ ಆ ಅಕ್ಕನ ವಿರುದ್ಧ ಕೈ ಎತ್ತಿರಲಿಲ್ಲ. ಫೈಲಿನ ಪ್ರಯಾಣ ಅವಳ ಪಾಲನ್ನು ತಿಂದಿತು. ಕಾನೂನು ಬರೆಯುವಾಗ "ಜಾರಿಗೆ ಬಂದ ದಿನ" ಎಂಬ ಸುಮ್ನೆ ಕಾಣುವ ಮೂರು ಪದಗಳಲ್ಲಿ ಎಷ್ಟು ಜನರ ಹಣೆಬರಹ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2005ರ ಸೆಪ್ಟೆಂಬರ್ 9ರಿಂದ ಸಂಸತ್ತಿನ ತಿದ್ದುಪಡಿ ಇಡೀ ದೇಶಕ್ಕೆ ಬಂತು. ಮದುವೆಯಾಗಿರಲಿ ಬಿಡಲಿ, ಮಗಳಿಗೂ ಮಗನಷ್ಟೇ ಹಕ್ಕು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕ್ರಮವಾಗಿ ಪಾಲಾಗಿದ್ದರೆ ಅದನ್ನು ಮುಟ್ಟುವಂತಿಲ್ಲ. ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕೇ ಎಂಬ ಗೊಂದಲ ಮತ್ತೆ 15 ವರ್ಷ ಕೋರ್ಟುಗಳಲ್ಲಿ ಎಳೆದಾಡಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಬೇಕಾಗಿಲ್ಲ ಎಂದು ಹೇಳಿತು. ನಮ್ಮ ಹಳ್ಳಿ ಕಡೆ ಈಗಲೂ ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ತವರಿನ ಬಾಗಿಲು ತೆರೆದಿರಲಿ ಎಂದು ಬರುವುದುಂಟು. ಅದನ್ನು ಯಾವ ಶಾಸಕರೂ ಮಸೂದೆಯಿಂದ ತಡೆಯಲಾರರು.

ಬಾಲ್ಯವಿವಾಹದಲ್ಲಿ ಕರ್ನಾಟಕ ಮತ್ತೆ ಒಂದು ಹೆಜ್ಜೆ ಮುಂದೆ ಹೋಯಿತು. 2006ರ ಸಂಸತ್ತಿನ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ಮಾಡಿಸಿದವರಿಗೆ ಶಿಕ್ಷೆ ಇದೆ. ಆದರೆ ಮದುವೆ ತಾನಾಗಿ ರದ್ದಾಗುವುದಿಲ್ಲ. ಆ ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಹದಿನಾರರ ಹುಡುಗಿ ಅತ್ತೆ ಮನೆಯಿಂದ ಎದ್ದು ಕೋರ್ಟಿಗೆ ಹೋಗುವುದು ಎಷ್ಟು ಸಾಧ್ಯ ಎಂದು ನೀವೇ ಯೋಚಿಸಿ. ಕರ್ನಾಟಕದ ತಿದ್ದುಪಡಿ ಅಂಥ ಮದುವೆ ಮೊದಲಿಂದಲೇ ಊರ್ಜಿತವಲ್ಲ ಎಂದಿತು. ರಾಷ್ಟ್ರಪತಿಗಳ ಅಂಕಿತ ಪಡೆದು 2017ರಲ್ಲಿ ಅದು ಕಾನೂನಾಯಿತು. ಅದೇ ವರ್ಷ ಅಕ್ಟೋಬರಿನ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ದಾರಿಯನ್ನು ಹೊಗಳಿ, ಉಳಿದ ರಾಜ್ಯಗಳೂ ಹೀಗೇ ಮಾಡುವುದು ಒಳ್ಳೆಯದು ಎಂದಿತು. ಇಂಥ ಸುದ್ದಿ ನಮ್ಮಲ್ಲಿ ಯಾವ ಫ್ಲೆಕ್ಸಿನ ಮೇಲೂ ಬರುವುದಿಲ್ಲ.

ಇದೆಲ್ಲ ಕಾಯ್ದೆಯ ಮಾತು. ಕುಟುಂಬ ನೀತಿ ಎಂದರೆ ಈಗ ಬಹಳ ಜನಕ್ಕೆ ನೆನಪಾಗುವುದು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಇದಕ್ಕೆ ಪ್ರತ್ಯೇಕ ಕಾಯ್ದೆ ಇಲ್ಲ. ಸರ್ಕಾರದ ಆದೇಶ, ಬಜೆಟ್ಟಿನಲ್ಲಿ ಹಣ, ಅಷ್ಟೇ. ಇಲ್ಲಿ ಶಾಸಕರ ಪಾತ್ರ ಬಜೆಟ್ಟಿಗೆ ಕೈ ಎತ್ತುವುದು. ಕಾಯ್ದೆ ಇಲ್ಲದ ಯೋಜನೆಯನ್ನು ಮುಂದಿನ ಸರ್ಕಾರ ಒಂದು ಆದೇಶದಲ್ಲಿ ನಿಲ್ಲಿಸಬಹುದು, ಈ ಸರ್ಕಾರವೂ ಕಂತು ತಡ ಮಾಡಬಹುದು. ಕೋರ್ಟಿಗೆ ಹೋಗಿ ಇದು ನನ್ನ ಹಕ್ಕು ಎನ್ನುವುದು ಮಗಳ ಪಾಲಿನಷ್ಟು ಸುಲಭ ಅಲ್ಲ.

ಯಜಮಾನಿ ಯಾರು ಎಂಬ ಜಗಳ ನೆನಪಿದೆಯಲ್ಲ? ಅತ್ತೆಗೋ ಸೊಸೆಗೋ ಎಂದು ಟಿವಿಯಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಸರ್ಕಾರ ಪಡಿತರ ಚೀಟಿ ನೋಡಿತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. ಆ ಕಾಯ್ದೆ ಸಂಸತ್ತಿನದು. ಇನ್ನೊಂದು ಷರತ್ತು, ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಹಣ ಇಲ್ಲ. ಆದಾಯ ತೆರಿಗೆಯ ಗೆರೆ ಎಳೆಯುವುದೂ ಕೇಂದ್ರವೇ. ರಾಜ್ಯದ ಯೋಜನೆ, ರಾಜ್ಯದ ದುಡ್ಡು. ಆದರೆ ಮನೆಯೊಳಗೆ ಯಾರಿಗೆ ಸಿಗಬೇಕು ಎಂಬುದರಲ್ಲಿ ಕೇಂದ್ರದ ಎರಡು ಕಾನೂನಿನ ನೆರಳು.

ಸ್ವಂತ ಜಮೀನು, ಗೇಣಿಗೆ ಕೊಟ್ಟದ್ದು

ಆ ದುಡ್ಡು ಎಲ್ಲಿಂದ? 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ವಾಣಿಜ್ಯ ತೆರಿಗೆಯಿಂದ 1.20 ಲಕ್ಷ ಕೋಟಿ, ಅಬಕಾರಿಯಿಂದ 40,000 ಕೋಟಿ, ನೋಂದಣಿ ಮತ್ತು ಮುದ್ರಾಂಕದಿಂದ 28,000 ಕೋಟಿ, ವಾಹನ ತೆರಿಗೆಯಿಂದ 15,000 ಕೋಟಿ ಬರಬೇಕು ಎಂಬ ಗುರಿ. ಗಂಡ ಬಾರಿನಲ್ಲಿ ಬಿಟ್ಟುಬಂದದ್ದರಲ್ಲಿ ಒಂದು ಪಾಲು ಹೆಂಡತಿಯ ಖಾತೆಗೆ ವಾಪಸ್ ಬರುತ್ತದೆ ಎಂದು ಜನ ಆಡಿಕೊಳ್ಳುವುದು ಪೂರ್ತಿ ಸುಳ್ಳಲ್ಲ.

ವಾಣಿಜ್ಯ ತೆರಿಗೆಯ ದೊಡ್ಡ ಭಾಗ ಜಿಎಸ್‌ಟಿ. ಇದರ ದರ ನಿರ್ಧಾರ ಆಗುವುದು ಜಿಎಸ್‌ಟಿ ಮಂಡಳಿಯಲ್ಲಿ. ಮತದ ತೂಕದಲ್ಲಿ ಮೂರನೇ ಒಂದು ಪಾಲು ಕೇಂದ್ರದ್ದು, ಮೂರನೇ ಎರಡು ಪಾಲು ಎಲ್ಲ ರಾಜ್ಯಗಳದ್ದೂ ಸೇರಿ. ತೀರ್ಮಾನಕ್ಕೆ ನಾಲ್ಕನೇ ಮೂರು ಪಾಲು ಬೇಕು. ಎಲ್ಲ ರಾಜ್ಯ ಒಂದಾದರೂ ಕೇಂದ್ರ ಒಪ್ಪದೆ ಏನೂ ಆಗದು. ಹೆಚ್ಚಿನ ರಾಜ್ಯಗಳು ಒಪ್ಪದೆ ಕೇಂದ್ರಕ್ಕೂ ಆಗದು. ಕರ್ನಾಟಕದಿಂದ ಹೋಗುವುದು ಒಬ್ಬ ಸಚಿವರು. ಉಳಿದ ಶಾಸಕರು ಮಂಡಳಿಯಲ್ಲಿ ಆದದ್ದನ್ನು ಆಮೇಲೆ ರಾಜ್ಯದ ಕಾಯ್ದೆಗೆ ತಿದ್ದುಪಡಿಯಾಗಿ ಬಂದಾಗ ಒಪ್ಪುತ್ತಾರೆ. ಮಂಡಳಿಯ ಶಿಫಾರಸಿಗೆ ಕಟ್ಟುಬೀಳಬೇಕಾಗಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ. ಕಾಗದದ ಮೇಲಿನ ಮಾತು ಅದು.

ಹಿಂದೆ ಹೀಗಿರಲಿಲ್ಲ. ಕನ್ನಡ ಚಿತ್ರಗಳಿಗೆ ಮನರಂಜನಾ ತೆರಿಗೆ ವಿನಾಯಿತಿ ಇತ್ತು, ನೆನಪಿರಬಹುದು. ಅದು ರಾಜ್ಯದ ಸ್ವಂತ ತೆರಿಗೆ, ರಾಜ್ಯದ ಸ್ವಂತ ತೀರ್ಮಾನ. 2017ರ ಜುಲೈ 1ರಂದು ಆ ತೆರಿಗೆ ಜಿಎಸ್‌ಟಿಯಲ್ಲಿ ಕರಗಿತು, ವಿನಾಯಿತಿಯೂ ಅದರ ಜೊತೆ ಹೋಯಿತು.

ಹಾಗಾದರೆ ಉಳಿದದ್ದೇನು? ಪೆಟ್ರೋಲ್, ಡೀಸೆಲ್, ಮದ್ಯ, ಮುದ್ರಾಂಕ, ವಾಹನ, ವೃತ್ತಿ ತೆರಿಗೆ. ಇವು ರಾಜ್ಯ ಪಟ್ಟಿಯವು, ದೆಹಲಿಯ ಅಂಕಿತ ಬೇಡ. ಈಗ ಮೊದಲ ಪ್ರಶ್ನೆಗೆ ಬರೋಣ. ಪೆಟ್ರೋಲ್ ತೆರಿಗೆಗೆ ಸದನ ಯಾಕೆ ಬೇಡವಾಯಿತು? ದರ ಏರಿಳಿತದ ಅಧಿಕಾರವನ್ನು ಕಾಯ್ದೆಯೇ ಸರ್ಕಾರದ ಕೈಗೆ ಕೊಟ್ಟಿದೆ. ಆ ಕಾಯ್ದೆಗೆ ಒಂದು ಕಾಲದಲ್ಲಿ ಕೈ ಎತ್ತಿದವರು ಶಾಸಕರೇ. ಸ್ವಂತ ಜಮೀನನ್ನು ಗೇಣಿಗೆ ಕೊಟ್ಟು ಮರೆತ ಹಾಗೆ. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಶೇ 18.44ರಿಂದ 21.17ಕ್ಕೆ ಏರಿದ್ದೂ ಅಧಿಸೂಚನೆಯಲ್ಲೇ. ಅದೇ ವರ್ಷ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ 2 ಆದದ್ದೂ ಸರ್ಕಾರದ ಆದೇಶದಲ್ಲೇ. 50 ಲಕ್ಷದ ಸೈಟು ಕೊಳ್ಳುವವರಿಗೆ ಒಂದೇ ಏಟಿಗೆ 50,000 ರೂಪಾಯಿ ಜಾಸ್ತಿ.

ವೃತ್ತಿ ತೆರಿಗೆಯ ದರ ಕಾಯ್ದೆಯ ಅನುಸೂಚಿಯಲ್ಲೇ ಅಚ್ಚಾಗಿದೆ. ಅದನ್ನು ಬದಲಿಸಬೇಕಾದರೆ ಕಾಯ್ದೆಯನ್ನೇ ತಿದ್ದಬೇಕು. ಮೇಲಾಗಿ ಸಂವಿಧಾನದ 276ನೇ ವಿಧಿ ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ವೃತ್ತಿ ತೆರಿಗೆ ತೆಗೆದುಕೊಳ್ಳಬಾರದು ಎನ್ನುತ್ತದೆ. 1988ರಲ್ಲಿ ಹಾಕಿದ ಮಿತಿ ಅದು. 200ರಂತೆ ಹನ್ನೊಂದು ತಿಂಗಳಿಗೆ 2,200, ಫೆಬ್ರವರಿಯ 300 ಸೇರಿ ಸರಿಯಾಗಿ 2,500. ಫೆಬ್ರವರಿಯ ಒಗಟು ಇಷ್ಟೇ.

ಸರ್ಕಾರದ ಪರ ಒಂದು ಮಾತು ಹೇಳಲೇಬೇಕು. ಕಚ್ಚಾ ತೈಲದ ಬೆಲೆ ಏರಿಳಿದಾಗಲೆಲ್ಲ ಅಧಿವೇಶನ ಕರೆಯಲು ಆಗುವುದಿಲ್ಲ. ತೆರಿಗೆ ಇಳಿಸುವುದಕ್ಕೂ ಇದೇ ಅಧಿಸೂಚನೆಯ ದಾರಿ. ಆದರೂ ಇಷ್ಟು ದೊಡ್ಡ ಮೊತ್ತದ ಮೇಲೆ ಒಂದು ದಿನದ ಚರ್ಚೆಯಾದರೂ ಬೇಡವೇ ಅನ್ನಿಸುತ್ತದೆ.

ಒಬ್ಬರೇ ಏನು ಮಾಡಬಹುದು

ಪಕ್ಷದ ಶಾಸಕರಿಗೆ ವಿಪ್ ಇದೆ, ಅಂದರೆ ಹೀಗೇ ಮತ ಹಾಕಬೇಕು ಎಂಬ ಪಕ್ಷದ ಆದೇಶ. 1985ರಲ್ಲಿ ಬಂದ ಪಕ್ಷಾಂತರ ನಿಷೇಧದ ಪ್ರಕಾರ ವಿಪ್ ಮೀರಿ ಮತ ಹಾಕಿದರೆ ಸ್ಥಾನ ಹೋಗಬಹುದು. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದದ್ದನ್ನು ನೋಡಿದ್ದೇವೆ. ಹಾಗಾಗಿ ಮಸೂದೆ ಮತಕ್ಕೆ ಬರುವ ಹೊತ್ತಿಗೆ ಒಬ್ಬ ಶಾಸಕರ ಮನಸ್ಸಿಗೆ ಜಾಗ ಕಡಿಮೆ. ಜಾಗ ಇರುವುದು ಅದಕ್ಕೆ ಮೊದಲು. ಶಾಸಕಾಂಗ ಪಕ್ಷದ ಸಭೆಯಲ್ಲಿ ತಕರಾರು ಎತ್ತಬಹುದು. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಬಹುದು, ಅದಕ್ಕೆ ಸಚಿವರು ಎದ್ದು ನಿಂತು ಉತ್ತರ ಕೊಡಬೇಕು. ಮಸೂದೆಯನ್ನು ಜಂಟಿ ಸಮಿತಿಗೆ ಕಳಿಸಿ ಎಂದು ಹಟ ಹಿಡಿಯಬಹುದು. ಪ್ರಾಣಿಗೆ ಹೊಡೆದ ಎಷ್ಟು ಪ್ರಕರಣಗಳಲ್ಲಿ 50 ರೂಪಾಯಿ ದಂಡ ಕಟ್ಟಿಸಿಕೊಂಡು ಬಿಟ್ಟಿದ್ದೀರಿ ಎಂದು ಗೃಹ ಸಚಿವರನ್ನು ಕೇಳಲು ಬಹುಮತ ಬೇಕಾಗಿಲ್ಲ.

ಇನ್ನೊಂದು ದಾರಿ ಖಾಸಗಿ ಮಸೂದೆ. ಸಚಿವರಲ್ಲದ ಯಾವ ಸದಸ್ಯರೂ ತರಬಹುದು. ಪಾಸಾಗುವುದು ತೀರಾ ಅಪರೂಪ. ಆದರೆ ಪಾಸಾಗದ ಮಸೂದೆಗೂ ಕೆಲವು ಸಲ ಬಲ ಇರುತ್ತದೆ. 1950ರ ದಶಕದ ಆರಂಭದಲ್ಲಿ ರಾಜ್ಯಸಭೆಯಲ್ಲಿ ಒಬ್ಬ ನಾಮಕರಣ ಸದಸ್ಯೆ ಪ್ರಾಣಿ ಹಿಂಸೆ ತಡೆಯಲು ಖಾಸಗಿ ಮಸೂದೆ ಮಂಡಿಸಿದರು. ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್, ಕಲಾಕ್ಷೇತ್ರ ಕಟ್ಟಿದವರು. ಪ್ರಧಾನಿ ನೆಹರೂ ಎದ್ದು, ಸರ್ಕಾರವೇ ಮಸೂದೆ ತರುತ್ತದೆ, ನಿಮ್ಮದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದರು. ಅವರು ತೆಗೆದುಕೊಂಡರು. ಸರ್ಕಾರದ ಮಸೂದೆ ಕಾಯ್ದೆಯಾದದ್ದು 1960ರಲ್ಲಿ. ಅದರ ಕೆಳಗೆ ರಚನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. 57 ವರ್ಷ ಕಳೆದ ಮೇಲೆ ನಮ್ಮ ಶಾಸಕರು ಕೋಣಗಳಿಗಾಗಿ ತಿದ್ದಿದ್ದು ಅದೇ ಕಾಯ್ದೆಯನ್ನು.